ಎರಡನೇ ಕಿಟಕಿಯ ಕದದ ಹಿಂಬದಿ

ಕೊರೊನಾ ಇಳಿದು, ಮುಖದ ಮಾಸ್ಕುಗಳೆಲ್ಲ ಕಾರಿನ ಡ್ಯಾಶ್‌ಬೋರ್ಡಿನೊಳಗೆ ಸೇರಿಕೊಂಡ ಮರುವರ್ಷದ ಮಾತು. ಆಗ ನಾನು ದುಬೈಯ ಜೆಬೆಲ್ ಅಲಿಯಲ್ಲಿ ಒಂದು ಫಿಟ್‌ಔಟ್ ಕಂಪೆನಿಯ ಜಾಯಿನರಿ ವರ್ಕ್‌ಶಾಪಿಗೆ ಮ್ಯಾನೇಜರ್ ಆಗಿದ್ದೆ. ಕಟ್ಟಡ ಎದ್ದು ನಿಂತ ಮೇಲೆ ಒಳಗಿನ ಗೋಡೆಯ ಹೊದಿಕೆ, ಛಾವಣಿ, ಬಾಗಿಲು, ಕಪಾಟು ಮಾಡಿಕೊಡುವ ಕಸುಬಿಗೆ ಫಿಟ್‌ಔಟ್ ಎನ್ನುತ್ತಾರೆ. ಅದರಲ್ಲಿ ಮರದ ಪಾಲು ಜಾಯಿನರಿ. ಮೂವತ್ತೊಂದು ವರ್ಷ ನಾನು ಮಾಡಿದ್ದು ಇದೊಂದನ್ನೇ. ಹೋಟೆಲುಗಳ ಲಾಬಿ, ಆಸ್ಪತ್ರೆಗಳ ಕೌಂಟರು, ದೊಡ್ಡವರ ಮನೆಯಲ್ಲಿ ಅತಿಥಿಗಳು ಕೂರುವ ಮಜ್ಲಿಸ್, ಯಾವುದೂ ಈಗ ನೆನಪಾಗಿ ಕಾಡುವುದಿಲ್ಲ. ಕಾಡುವುದು ಒಂದು ಕಿಟಕಿಯ ಕದ. ಇದು ನನ್ನ ತಪ್ಪಿನ ಕಥೆ. ಕೊನೆಗೆ ಎಲ್ಲ ಸರಿಹೋಯಿತು ಎಂದು ಓದಲು ಕುಳಿತವರು ಇಲ್ಲೇ ಎದ್ದು ಹೋಗಬಹುದು.

ಮೊದಲು ನಮ್ಮ ಅಪ್ಪಯ್ಯನ ವಿಷಯ ಒಂದಿಷ್ಟು ಹೇಳಬೇಕು. ನಾವು ಬಾರ್ಕೂರು ಕಡೆಯ ಬಡಗಿಗಳು. ಅಪ್ಪಯ್ಯ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡೇ ಹುಟ್ಟಿದವರೇನೋ ಎಂದು ಊರಲ್ಲಿ ತಮಾಷೆ ಮಾಡುತ್ತಿದ್ದರು. ಆದರೆ ಮುಗಿದ ಕೆಲಸದ ಮೇಲೆ ಆ ಪೆನ್ಸಿಲಿನ ಒಂದು ಗೆರೆ ಉಳಿದರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಮಂಚದ ಅಡಿಭಾಗವನ್ನು ಯಾರು ಬಗ್ಗಿ ನೋಡುತ್ತಾರೆ? ಅವರು ಅದನ್ನೂ ಉಜ್ಜಿ ಒರೆಸಿ ಕೊಡುತ್ತಿದ್ದರು. ಒಮ್ಮೆ ನಾನು ಮಾಡಿದ ಮಣೆಯ ಅಡಿಯಲ್ಲಿ ಅಳತೆಯ ಗೆರೆ ಕಂಡು, ಗಿರಾಕಿಯ ಎದುರೇ ನನ್ನ ತಲೆಗೆ ಮೊಟಕಿದ್ದರು. "ಗೆರೆ ಬಿಟ್ರೆ ಬಡಗಿಯ ಮಾನ ಬಿಟ್ಟ ಹಾಗೆ" ಎಂದರು. ಆ ಮೊಟಕು ನನ್ನ ತಲೆಯಲ್ಲಿ ಹಾಗೇ ಉಳಿದು, ವಿಮಾನ ಹತ್ತಿ ನನ್ನ ಜೊತೆ ಗಲ್ಫಿಗೂ ಬಂತು.

ಆ ವರ್ಷ ನಮಗೆ ಬಂದದ್ದು ಅಬುಧಾಬಿಯ ಒಂದು ವಿಲ್ಲಾದ ಕೆಲಸ. ಮನೆಯ ಯಜಮಾನರು ಚಿಕ್ಕ ವಯಸ್ಸಿನಲ್ಲಿ ಸ್ಕಾಟ್ಲೆಂಡಿನಲ್ಲಿ ಓದಿದವರು. ಅಲ್ಲಿಯ ಹೈಲ್ಯಾಂಡ್ಸ್ ಎಂಬ ಗುಡ್ಡಸೀಮೆಯಲ್ಲಿ ಸೂರು ಕುಸಿದು ಪಾಳುಬಿದ್ದ ಒಂದು ಹಳೆಯ ದೊಡ್ಡಮನೆಯ ಲೈಬ್ರರಿ ಕೋಣೆಯನ್ನು ಅವರು ಇಡಿಯಾಗಿ ಕೊಂಡಿದ್ದರು. ಗೋಡೆಯ ಓಕ್ ಹಲಗೆಗಳು, ಪುಸ್ತಕದ ಕಪಾಟುಗಳು, ನಾಲ್ಕು ಕಿಟಕಿಗಳ ಚೌಕಟ್ಟು, ಕದ ಎಲ್ಲವೂ ಬಿಚ್ಚಿಸಿಕೊಂಡು, ನಂಬರ್ ಹಚ್ಚಿಸಿಕೊಂಡು, ಎರಡು ಕಂಟೇನರುಗಳಲ್ಲಿ ಸಮುದ್ರ ದಾಟಿ ಬರುವುದಿತ್ತು. ಅವನ್ನು ಪರೀಕ್ಷಿಸಿ, ಒಣಗಿಸಿ, ಶುಚಿಮಾಡಿ ಹೊಸ ಕೋಣೆಯಲ್ಲಿ ಮೊದಲಿದ್ದಂತೆಯೇ ಜೋಡಿಸುವುದು ನಮ್ಮ ಕೆಲಸ. ಮನೆಯ ಹೆಸರನ್ನಾಗಲಿ ಯಜಮಾನರ ಹೆಸರನ್ನಾಗಲಿ ಬರೆಯುವುದಿಲ್ಲ. ಹಾಗೆಂದು ಸಹಿ ಹಾಕಿ ಕೊಟ್ಟಿದ್ದೇನೆ.

ಗೋಡೆಯ ಹಲಗೆಗಳು ನೂರ ಹನ್ನೆರಡು. ಎಲ್ಲವೂ ಮೊದಲ ಕಂಟೇನರಿನಲ್ಲೇ ಬಂದವು. ಅವುಗಳ ಜೊತೆಗೆ ಬಂದ ಫೈಲಿನಲ್ಲಿ ಆ ಮನೆಯ ಚರಿತ್ರೆಯೆಂದು ಇದ್ದದ್ದು ಮೂರು ಹಾಳೆ ಮಾತ್ರ. ಯಜಮಾನರ ಆಫೀಸಿನವರಿಗೆ ಕೋಣೆಯಲ್ಲಿ ತೂಗುಹಾಕಲು ಒಂದು ಪುಟದ ಬರಹ ಬೇಕಾಗಿತ್ತು. ಹಲಗೆ ಮಾರಿದ ವ್ಯಾಪಾರಿಗೆ ಯಾರೋ ಮುದುಕಿಯೊಬ್ಬರು ಕಾಗದ ಬರೆದಿದ್ದರಂತೆ, ಅವರು ಈಗ ದುಬೈಯಲ್ಲೇ ಮಗನ ಮನೆಯಲ್ಲಿ ಇದ್ದಾರಂತೆ, ಆ ಮನೆಯ ಕಥೆಗಳೆಲ್ಲ ಅವರಿಗೆ ಗೊತ್ತಂತೆ. ಪ್ರಾಜೆಕ್ಟ್ ಮ್ಯಾನೇಜರ್ ಅವರ ನಂಬರನ್ನು ನನಗೆ ದಾಟಿಸಿ ಕೈತೊಳೆದುಕೊಂಡರು. ನಾನು ಫೋನ್ ಮಾಡಿದೆ. ಮರುದಿನ ಬೆಳಿಗ್ಗೆಯೇ ಮಿರ್ದಿಫ್‌ನಿಂದ ಟ್ಯಾಕ್ಸಿಯಲ್ಲಿ ಬಂದಿಳಿದರು.

ಹೆಸರು ಶೀನಾ. ವಯಸ್ಸು ಎಪ್ಪತ್ತೊಂಬತ್ತು. ನಮ್ಮ ಕಡೆ ಶೀನ ಎಂದರೆ ಗಂಡಸು. ನನ್ನ ಪಾಲಿಶ್ ಫೋರ್‌ಮನ್ ಹಮೀದ್‌ಗೆ ನಗು ತಡೆಯಲಾಗಲಿಲ್ಲ. ಹಮೀದ್ ಬಂಟ್ವಾಳದ ಬ್ಯಾರಿ, ಇಪ್ಪತ್ತು ವರ್ಷದಿಂದ ನನ್ನ ಜೊತೆ ಇದ್ದವನು. ಅಂದಿನಿಂದಲೇ ಅವರನ್ನು ಶೀನಕ್ಕ ಮಾಡಿಬಿಟ್ಟ. ಅವರೂ ಅದಕ್ಕೆ ಓಗೊಟ್ಟರು. ಹಲಗೆಗಳ ನಡುವೆ ಒಂದು ಕುರ್ಚಿ ಹಾಕಿ, ಹಾಲಿಲ್ಲದ ಸುಲೈಮಾನಿ ಚಹಾ ಕೊಟ್ಟು ಕೂರಿಸಿದೆವು. ಎರಡು ಗಂಟೆ ಮಾತಾಡಿದರು. ನಾನು ಡೈರಿಯಲ್ಲಿ ಬರೆದುಕೊಂಡೆ.

ಆ ಮನೆ ಮೊದಲು ಬರೀ ಒಂದು ಕಲ್ಲಿನ ಗೋಪುರವಂತೆ. ಪಕ್ಕದ ಕಣಿವೆಯವರು ದನ ಹೊಡೆದುಕೊಂಡು ಹೋಗದಂತೆ ಕಾವಲಿಗೆ ಕಟ್ಟಿದ್ದು. ತಲೆಮಾರಿಗೊಂದು ಅಂಕಣ ಸೇರುತ್ತ ದೊಡ್ಡಮನೆಯಾಯಿತು. ಅದರ ನೆಲಮಾಳಿಗೆಯಿಂದ ಒಂದು ಸುರಂಗವಿತ್ತು. ಅದು ಎಲ್ಲಿಗೆ ಹೋಗುತ್ತದೆಂದು ತಿಳಿಯಲು ಒಬ್ಬ ಬ್ಯಾಗ್‌ಪೈಪ್ ಊದುವವನನ್ನು ನಾಯಿಯ ಜೊತೆ ಒಳಗೆ ಕಳಿಸಿದರು. ಮೇಲಿನವರು ವಾದ್ಯದ ಸದ್ದನ್ನೇ ಹಿಂಬಾಲಿಸಿ ನಡೆದರು. ಲೈಬ್ರರಿಯ ಅಡಿಗೆ ಬಂದಾಗ ಸದ್ದು ನಿಂತಿತು. ನಾಯಿ ಮಾತ್ರ ಹೊರಗೆ ಬಂತು, ಮೈಮೇಲೆ ಒಂದು ಕೂದಲೂ ಇಲ್ಲದೆ.

ಮತ್ತೆ, ಆ ಮನೆಯನ್ನು ಕಾಯುವ ಹಸಿರುಡುಗೆಯ ಒಬ್ಬಳು ಇದ್ದಳು. ದೆವ್ವವೂ ಅಲ್ಲ, ದೇವರೂ ಅಲ್ಲ. ಕೊಟ್ಟಿಗೆಯ ಹತ್ತಿರದ ಗುಳಿಬಿದ್ದ ಕಲ್ಲಿಗೆ ಕೆಲಸದ ಹೆಣ್ಣುಮಕ್ಕಳು ದಿನಾ ಅವಳ ಪಾಲಿನ ಹಾಲು ಎರೆಯಬೇಕು. ಒಂದು ದಿನ ತಪ್ಪಿದರೆ ಮರುದಿನ ದನ ಮನೆಗೆ ಬರುವುದಿಲ್ಲ. ನಮ್ಮಲ್ಲೂ ನಾಗನ ಕಲ್ಲಿಗೆ ಹಾಲೆರೆಯುತ್ತೇವೆ ಎಂದು ನಾನು ಹೇಳಿದಾಗ ಅವರು ಚಹಾದ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. "ಹಾಗಾದರೆ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ" ಎಂದರು.

"ಅವರಲ್ಲೂ ಭೂತ ಉಂಟು ಅಂತಾಯ್ತಲ್ಲ ಆಚಾರ್ರೆ," ಹಮೀದ್ ನನ್ನ ಕಿವಿಯಲ್ಲಿ ಹೇಳಿದ. "ನಮ್ಮವರೇ ಮಾರಾಯ್ರೆ."

ಕೊನೆಗೆ ಅವರು ಹೇಳಿದ್ದು ಈ ಕೋಣೆಯ ಶಾಪದ ಕಥೆ. ಸುಮಾರು ಇನ್ನೂರು ವರ್ಷದ ಹಿಂದೆ ಆ ಮನೆಯ ಧಣಿ, ಕುರಿ ಸಾಕಿದರೆ ಲಾಭ ಹೆಚ್ಚೆಂದು ಕಣಿವೆಯ ಒಕ್ಕಲುಗಳನ್ನೆಲ್ಲ ಎಬ್ಬಿಸಿದ. ಇದೇ ಲೈಬ್ರರಿಯ ಮೇಜಿನ ಮುಂದೆ ಕುಳಿತು, ಒಕ್ಕಲು ಪುಸ್ತಕದಲ್ಲಿ ಒಂದೊಂದೇ ಹೆಸರಿನ ಮೇಲೆ ಗೀಟು ಎಳೆದ. ಒಬ್ಬ ವಿಧವೆ ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದಳು. "ಈ ಕೋಣೆಯಲ್ಲಿ ಯಾರ ಹೆಸರೂ ನಿಲ್ಲದೆ ಹೋಗಲಿ" ಎಂದಳಂತೆ. ಧಣಿಯ ಮೂರು ಗಂಡುಮಕ್ಕಳೂ ಸಂತಾನವಿಲ್ಲದೆ ಸತ್ತರು. ಮನೆ ಕೈಯಿಂದ ಕೈಗೆ ದಾಟಿತು. ಮೊದಲ ಮನೆತನದ ಹೆಸರು ಈಗ ಅಲ್ಲಿ ಯಾರಿಗೂ ಇಲ್ಲ.

ಎದ್ದು ಹೊರಡುವಾಗ ಅವರು ಕೇಳಿದರು: "ಕಿಟಕಿಯ ಕದಗಳು ಬಂದಿವೆಯೇ?"

ಬಂದಿರಲಿಲ್ಲ. ಅವು ಎರಡನೇ ಕಂಟೇನರಿನಲ್ಲಿದ್ದವು. ಮರಕ್ಕೆ ಹುಳದ ಮದ್ದು ಕೊಟ್ಟ ಕಾಗದಪತ್ರದಲ್ಲಿ ಏನೋ ಕೊರತೆಯಾಗಿ ಬಂದರಿನಲ್ಲಿ ನಿಂತಿತ್ತು.

"ಬಂದ ದಿನವೇ ನನಗೆ ಫೋನ್ ಮಾಡುತ್ತೀರಾ, ಮಿಸ್ಟರ್ ಆಚಾರ್ಯ? ಅಮ್ಮ ಆ ಮನೆಯಲ್ಲಿ ಕೆಲಸಕ್ಕಿದ್ದಳು. ದಿನಾ ಬೆಳಿಗ್ಗೆ ಆ ಕದ ತೆರೆಯುತ್ತಿದ್ದವಳು ಅವಳೇ."

ಖಂಡಿತ ಮಾಡುತ್ತೇನೆ ಎಂದೆ. ಟ್ಯಾಕ್ಸಿಯ ಬಾಗಿಲು ಹಾಕುವ ಮೊದಲು ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆ ಖಂಡಿತ ಎಂದೆ.

ಕದಗಳು ಹನ್ನೊಂದು ದಿನದ ನಂತರ ಬಂದವು. ಕಿಟಕಿಗೆ ಎರಡರಂತೆ ಎಂಟು. ಹಗಲು ಹೊತ್ತು ಅವು ಗೋಡೆಯ ಗೂಡಿನೊಳಗೆ ಸರಿದು ನಿಲ್ಲುವಂಥವು; ಹಾಗಾಗಿ ಹಿಂಬದಿ ಯಾರ ಕಣ್ಣಿಗೂ ಬೀಳುವುದಿಲ್ಲ. ಮೈತುಂಬ ಧೂಳು, ಜೇಡನ ಬಲೆ, ಹಕ್ಕಿಯ ಹಿಕ್ಕೆ, ಅಲ್ಲಲ್ಲಿ ಹುಳ ಕೊರೆದ ತೂತು. ಶೀನಕ್ಕನಿಗೆ ಫೋನ್ ಮಾಡಲೆಂದು ಮೊಬೈಲ್ ಕೈಗೆತ್ತಿಕೊಂಡವನು ಕೆಳಗಿಟ್ಟೆ. ನಮ್ಮ ಮನೆತನದಲ್ಲಿ ಅರ್ಧ ಕೆಲಸ ತೋರಿಸುವ ಪದ್ಧತಿಯೇ ಇಲ್ಲ. ತೊಟ್ಟಿಲಾಗಲಿ ಬಾಗಿಲಾಗಲಿ, ಎಣ್ಣೆ ಕುಡಿಸಿ ಮಿರಮಿರ ಮಿಂಚಿಸಿದ ಮೇಲೆಯೇ ಗಿರಾಕಿಯನ್ನು ಕರೆಯುವುದು. ತಾಯಿ ಮುಟ್ಟಿದ ಕದವನ್ನು ಈ ಅವತಾರದಲ್ಲಿ ಮುದುಕಿಗೆ ಏಕೆ ತೋರಿಸಲಿ, ಚೆಂದ ಮಾಡಿಯೇ ತೋರಿಸೋಣ ಎಂದುಕೊಂಡೆ. ಒಳ್ಳೆಯ ಮನಸ್ಸಿನಿಂದಲೇ ಹಾಗೆ ಅಂದುಕೊಂಡದ್ದು. ಅದರಿಂದ ಏನೂ ಹಗುರಾಗುವುದಿಲ್ಲ.

ಮೂರು ವಾರ ಕದಗಳನ್ನು ಎ.ಸಿ. ಕೋಣೆಯಲ್ಲಿ ನಿಲ್ಲಿಸಿದೆವು. ತಂಪುದೇಶದ ಮರದಲ್ಲಿ ನೀರಿನಂಶ ಹೆಚ್ಚು, ನಮ್ಮ ಎ.ಸಿ. ಮನೆಗಳಲ್ಲಿ ಅದು ಒಮ್ಮೆಲೇ ಒಣಗಿ ಸೀಳುತ್ತದೆ. ಹದಿನಾಲ್ಕು ಪರ್ಸೆಂಟಿನಿಂದ ಎಂಟರ ಆಸುಪಾಸಿಗೆ ಮೆಲ್ಲಗೆ ಇಳಿಸಬೇಕು. ಅದನ್ನು ಅಳೆಯುವ ಮೀಟರಿಗೆ ಎರಡು ಸೂಜಿಗಳಿವೆ. ಮುಂಬದಿಗೆ ಸೂಜಿ ಚುಚ್ಚಿದರೆ ಗುರುತು ಬೀಳುತ್ತದೆಂದು ಯಾವಾಗಲೂ ಹಿಂಬದಿಗೇ ಚುಚ್ಚಿ, ಮರ ಹದಕ್ಕೆ ಬಂದ ದಿನ ಮೀಟರಿನ ಅಂಕಿ ಕಾಣುವಂತೆ ಕದಕ್ಕೊಂದೇ ಫೋಟೊ ತೆಗೆದು ಕಂಪ್ಯೂಟರಿಗೆ ಹಾಕುತ್ತಿದ್ದೆವು. ಈ ವಿವರ ಏಕೆ ಬೇಕೆಂಬುದು ಮುಂದೆ ತಿಳಿಯುತ್ತದೆ.

ಕೆಲಸ ಹೇಗೆ ಮಾಡಬೇಕೆಂದು ಮೊದಲೇ ಬರೆದು ಒಪ್ಪಿಗೆ ಪಡೆದ ಕಾಗದಕ್ಕೆ ಮೆಥಡ್ ಸ್ಟೇಟ್‌ಮೆಂಟ್ ಎನ್ನುತ್ತೇವೆ. ಅದರಲ್ಲಿ ಮುಂಬದಿಯನ್ನು ಹೇಗೆ ತೊಳೆಯಬೇಕು, ಯಾವ ಎಣ್ಣೆ ಹಚ್ಚಬೇಕು ಎಲ್ಲ ಇತ್ತು. ಹಿಂಬದಿಯ ಬಗ್ಗೆ ಒಂದಕ್ಷರವೂ ಇರಲಿಲ್ಲ. ಮಾಡಿ ಎಂದೂ ಇಲ್ಲ, ಬಿಡಿ ಎಂದೂ ಇಲ್ಲ.

ಎರಡನೇ ಕಿಟಕಿಯ ಬಲಗದವನ್ನು ಬೋರಲು ಮಲಗಿಸಿಕೊಂಡು ಹಮೀದ್ ನನ್ನನ್ನು ಕರೆದ.

"ಆಚಾರ್ರೆ, ಇದ್ರ ಹಿಂದೆ ಎಂತದೋ ಬರ್ದುಂಟು. ಬೇರೆದ್ರಲ್ಲೂ ಉಂಟು ಸ್ವಲ್ಪ ಸ್ವಲ್ಪ. ಬಿಡುದಾ, ತೆಗಿಯುದಾ?"

ನಾನು ಬಗ್ಗಿ ನೋಡಿದೆ. ಮಸುಕು ಪೆನ್ಸಿಲಿನಲ್ಲಿ ಎರಡು ಸಾಲು. ಹಳೆಯ ಬಡಗಿಗಳು ಜೋಡಣೆಗೆ ಗುರುತು ಹಾಕಿಕೊಳ್ಳುವುದು ಎಲ್ಲ ದೇಶದಲ್ಲೂ ಇದೆ. ಇದೂ ಅದೇ ಎಂದುಕೊಂಡೆ. ಯಾರೋ ಬಡಗಿ ಅಪ್ಪಯ್ಯನ ಹತ್ತಿರ ಮೊಟಕಿಸಿಕೊಳ್ಳದೆ ಬೆಳೆದವನು ಎಂದು ಮನಸ್ಸಿನಲ್ಲೇ ನಕ್ಕೆ ಕೂಡ.

"ತೆಗಿ. ಪೆನ್ಸಿಲ್ ಗೆರೆ ಇಟ್ಕೊಂಡು ನಮ್ಮ ವರ್ಕ್‌ಶಾಪಿಂದ ಒಂದು ತುಂಡು ಮರವೂ ಹೊರಗೆ ಹೋಗುದಿಲ್ಲ" ಎಂದೆ.

ಹೇಳಿದ್ದಷ್ಟೇ ಅಲ್ಲ, ಕೆಲಸದವರಿಗೆ ತೋರಿಸಿಕೊಡಲು ಆ ಕದವನ್ನು ನಾನೇ ಉಜ್ಜಿದೆ. ಮೊದಲು ನೂರಿಪ್ಪತ್ತರ ಸ್ಯಾಂಡ್‌ಪೇಪರ್, ಆಮೇಲೆ ನೂರೆಂಬತ್ತು, ಕೊನೆಗೆ ಇನ್ನೂರ ನಲವತ್ತು. ಬಳಿಕ ಎರಡು ಕೈ ಎಣ್ಣೆ. ಕೆನ್ನೆಯಿಟ್ಟರೆ ರೇಷ್ಮೆ ಎನ್ನಬೇಕು, ಹಾಗೆ ಬಂತು. ಉಳಿದ ಏಳನ್ನು ಹಮೀದನ ತಂಡ ಮುಗಿಸಿತು. ಆಗ ಶೀನಕ್ಕನಿಗೆ ಫೋನ್ ಮಾಡಿದೆ.

ಈ ಬಾರಿ ಅವರು ಕಡುನೀಲಿ ಉಡುಪು ಹಾಕಿ, ಮುತ್ತಿನ ಸರ ತೊಟ್ಟು ಬಂದಿದ್ದರು. ಕೈಚೀಲದಲ್ಲಿ ಒಂದು ಭೂತಗನ್ನಡಿ ಇತ್ತು. ಎಂಟು ಕದಗಳನ್ನೂ ಸಾಲಾಗಿ ನಿಲ್ಲಿಸಿ ಲೈಟ್ ಹಾಕಿಸಿದ್ದೆ. ಅವರು ಮುಂಬದಿಯನ್ನು ನೋಡಲೇ ಇಲ್ಲ.

"ಎರಡನೇ ಕಿಟಕಿಯದು ಯಾವುದು?"

ತೋರಿಸಿದೆ. ಬಲಗದದ ಹಿಂದೆ ಹೋಗಿ ಭೂತಗನ್ನಡಿ ಹಿಡಿದರು. ಮೇಲಿನಿಂದ ಕೆಳಗೆ ನೋಡಿದರು. ಎಡಗದವನ್ನೂ ನೋಡಿದರು. ಮತ್ತೆ ಬಲಕ್ಕೆ ಬಂದು ಅಂಗೈಯಿಂದ ಸವರಿದರು.

"ಹಿಂದಿನ ಹಲಗೆಯನ್ನು ಬದಲಾಯಿಸಿದ್ದೀರಾ?"

"ಇಲ್ಲ ಮೇಡಂ, ಅದೇ ಹಲಗೆ. ಹೊಸದರ ಹಾಗೆ ಮಾಡಿದ್ದೇವೆ." ಇದನ್ನು ನಾನು ಎಷ್ಟು ಹೆಮ್ಮೆಯಿಂದ ಹೇಳಿದೆನೆಂದರೆ, ಈಗ ನೆನೆದರೂ ನಾಚಿಕೆಯಾಗುತ್ತದೆ.

ಅವರು ಕುರ್ಚಿಗಾಗಿ ಸುತ್ತ ನೋಡಿದರು. ಹಮೀದ್ ಓಡಿಹೋಗಿ ತಂದ. ಕುಳಿತು, ಮೊದಲ ದಿನ ಹೇಳದೆ ಉಳಿಸಿಕೊಂಡದ್ದನ್ನು ಹೇಳಿದರು.

ವಿಧವೆಯ ಶಾಪದ ನಂತರ ಆ ಮನೆಯ ಕೆಲಸದವರಲ್ಲಿ ಒಂದು ರೂಢಿ ಬೆಳೆದಿತ್ತು. ಮನೆ ಬಿಟ್ಟು ಹೋಗುವವರು ಲೈಬ್ರರಿಯ ಕಿಟಕಿಕದದ ಹಿಂಬದಿ, ಶಾಪದ ಕಣ್ಣಿಗೆ ಬೀಳದ ಹಾಗೆ, ಪೆನ್ಸಿಲಿನಲ್ಲಿ ಹೆಸರು ಬರೆದಿಟ್ಟು ಹೋಗಬೇಕು. ಹಸಿರುಡುಗೆಯವಳು ಆ ಹೆಸರುಗಳನ್ನು ಕಾಯುತ್ತಾಳೆ, ಹೋದವರನ್ನು ತಿರುಗಿ ಕರೆತರುತ್ತಾಳೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಆ ಮನೆ ಗಾಯಗೊಂಡ ಸೈನಿಕರ ಆಸ್ಪತ್ರೆಯಾಗಿತ್ತು. ಶೀನಕ್ಕನ ತಾಯಿ ಎಫೀ ಆಗ ಹದಿನೇಳರ ಕೆಲಸದ ಹುಡುಗಿ. ಅಲ್ಲಿದ್ದ ಒಬ್ಬ ಸೈನಿಕ ಗುಣವಾಗಿ ಯುದ್ಧಕ್ಕೆ ಮರಳುವ ದಿನ, ತನ್ನ ಹೆಸರನ್ನೂ ಅವಳ ಹೆಸರನ್ನೂ ಎರಡನೇ ಕಿಟಕಿಯ ಕದದ ಹಿಂದೆ ಬರೆದು ಹೋದ. ತಿರುಗಿ ಬರಲಿಲ್ಲ. ಶೀನಾ ಹುಟ್ಟಿದ್ದು ಆಮೇಲೆ. ಎಫೀ ಬೇರೊಬ್ಬನನ್ನು ಮದುವೆಯಾದಳು. ಅವನು ಮಗುವಿಗೆ ತನ್ನ ಹೆಸರು ಕೊಟ್ಟ, ಮೊದಲಿನವನ ಹೆಸರು ಮನೆಯಲ್ಲಿ ಎತ್ತಕೂಡದೆಂದು ಆಣೆ ಹಾಕಿಸಿಕೊಂಡ. ಎಫೀ ಸಾಯುವ ಹೊತ್ತಿನಲ್ಲಿ ಮಗಳಿಗೆ ನಿಜ ಹೇಳಿದಳು. ಆದರೆ ಹೆಸರನ್ನು ಮಾತ್ರ ಬಾಯಲ್ಲಿ ಹೇಳಲಿಲ್ಲ. "ಆಣೆಯಿದೆ. ಕದದ ಹಿಂದೆ ಅವನ ಕೈಯಲ್ಲೇ ಬರೆದದ್ದಿದೆ, ಹೋಗಿ ಓದಿಕೋ" ಎಂದಳು.

ಶೀನಕ್ಕ ಎರಡು ಸಲ ಹೋಗಿದ್ದರು. ಒಮ್ಮೆ ಹೊಸ ಮಾಲೀಕರು ಒಳಗೆ ಬಿಡಲಿಲ್ಲ. ಇನ್ನೊಮ್ಮೆ ಛಾವಣಿ ಕುಸಿದಿದೆಯೆಂದು ಆ ಕೋಣೆಗೆ ಬೀಗ ಹಾಕಿದ್ದರು. ಅಷ್ಟರಲ್ಲಿ ವಯಸ್ಸಾಯಿತು, ಮಗ ದುಬೈಗೆ ಕರೆಸಿಕೊಂಡ.

"ಆಮೇಲೆ ಕೋಣೆಯೇ ನನ್ನನ್ನು ಹುಡುಕಿಕೊಂಡು ಇಲ್ಲಿಗೆ ಬಂತು ಅಂದುಕೊಂಡೆ" ಎಂದರು. "ನನಗೆ ನನ್ನ ಅಪ್ಪನ ಹೆಸರು ಗೊತ್ತಿಲ್ಲ, ಮಿಸ್ಟರ್ ಆಚಾರ್ಯ. ಇಲ್ಲಿ ಏನಾದರೂ ಬರೆದಿತ್ತೇ?"

ಹೇಳಬೇಕಾಗಿತ್ತು. ಹೇಳಲಿಲ್ಲ. "ಎಂಟು ಕದ ಇವೆ, ಬಿಚ್ಚುವಾಗ ನಂಬರ್ ಅದಲುಬದಲಾಗಿರಬಹುದು. ಒಂದು ವಾರ ಕೊಡಿ, ಹುಡುಕಿ ತಿಳಿಸುತ್ತೇನೆ" ಎಂದೆ. ಹಮೀದ್ ನೆಲ ನೋಡುತ್ತ ನಿಂತಿದ್ದ.

ಆ ವಾರ ನಾನು ಮಾಡಿದ ಹುಚ್ಚುತನಗಳನ್ನು ಯಾರಿಗೂ ಹೇಳಿರಲಿಲ್ಲ. ಟಾರ್ಚನ್ನು ಮರಕ್ಕೆ ಅಡ್ಡಲಾಗಿ ಹಿಡಿದು, ಪೆನ್ಸಿಲ್ ಒತ್ತಿದ ತಗ್ಗು ಉಳಿದಿರಬಹುದೇ ಎಂದು ಎಂಟು ಕದಗಳನ್ನೂ ಇಂಚಿಂಚು ನೋಡಿದೆ. ಏನೂ ಇರಲಿಲ್ಲ. ನಾನು ಅಷ್ಟು ಚೆನ್ನಾಗಿ ಉಜ್ಜಿದ್ದೆ. ಅಬುಧಾಬಿಯಲ್ಲಿ ಹಳೆಯ ವಸ್ತುಗಳನ್ನು ಜೋಪಾನ ಮಾಡುವ ಪರಿಣತೆಯೊಬ್ಬರ ಹತ್ತಿರ ಕದವನ್ನೇ ಹೊತ್ತುಕೊಂಡು ಹೋದೆ. ವಿಶೇಷ ಕ್ಯಾಮೆರಾದಲ್ಲಿ ನೋಡಿ, "ಪೆನ್ಸಿಲ್ ಮರದ ಮೇಲೆ ಇರುತ್ತದೆ, ಒಳಗೆ ಇಳಿಯುವುದಿಲ್ಲ. ನೀವು ಮೇಲಿನದ್ದನ್ನೇ ತೆಗೆದಿದ್ದೀರಿ" ಎಂದರು. ಮರುದಿನ ವರ್ಕ್‌ಶಾಪಿನ ಹಿಂದಿರುವ, ಮರದ ಹುಡಿ ಎಳೆದುಕೊಳ್ಳುವ ಯಂತ್ರದ ಚೀಲ ಬಿಚ್ಚಿ ಒಳಗೆ ಕೈಹಾಕಿ ನಿಂತಿದ್ದೆ. ಏನು ಸಿಗಬೇಕಿತ್ತು ಅಲ್ಲಿ, ಹೇಳಿ. ಹಳೆಯ ಹುಡಿಯನ್ನು ಲಾರಿಯವರು ಒಯ್ದು ಎಷ್ಟೋ ದಿನವಾಗಿತ್ತು.

"ಸಾಕು ಬನ್ನಿ ಆಚಾರ್ರೆ," ಹಮೀದ್ ನನ್ನ ತೋಳು ಹಿಡಿದು ಎಳೆದ. "ಅದು ಖಲಾಸ್."

ಫೋಟೊ ನೆನಪಾದದ್ದು ಆಗ. ನೀರಿನಂಶದ ಫೋಟೊಗಳು! ಇಬ್ಬರೂ ಆಫೀಸಿಗೆ ಓಡಿದೆವು. ಎರಡನೇ ಕಿಟಕಿ, ಬಲಗದ, ಹಿಂಬದಿ. ಫೋಟೊ ಇತ್ತು. ಬೆಳಕು ಸ್ಪಷ್ಟವಾಗಿತ್ತು. ಮೊದಲ ಸಾಲಿನಲ್ಲಿ ಇಂಗ್ಲಿಷಿನಲ್ಲಿ "ಎಫೀ ಮತ್ತು" ಎಂದು ಬರೆದದ್ದು ಸಲೀಸಾಗಿ ಓದಬಹುದಿತ್ತು. ಎರಡನೇ ಸಾಲಿನ ಮೇಲೆ, ಉದ್ದಕ್ಕೂ, ನಮ್ಮ ಹಳದಿ ಮೀಟರು ಕುಳಿತಿತ್ತು. ಅದರ ಅಂಕಿ ಥಳಥಳ ಹೊಳೆಯುತ್ತಿತ್ತು: ೮.೪.

ಹಮೀದ್ ತಲೆಯ ಮೇಲೆ ಕೈಹೊತ್ತು ಕುಳಿತ. ಮೀಟರ್ ಹಿಡಿದಿದ್ದವನು ಅವನೇ. "ಎರಡು ಇಂಚು ಆಚೆ ಹಿಡಿದಿದ್ರೆ ಆಗ್ತಿತ್ತಲ್ಲ ಆಚಾರ್ರೆ," ಎಂದ. ಆಮೇಲೆ, "ಒಂದು ಹೆಸರು ಹೇಳಿಬಿಡಿ. ಜಾನ್ ಅಂತ ಹೇಳಿ. ಅಲ್ಲಿ ಊರು ತುಂಬ ಜಾನೇ ಅಲ್ವಾ? ಮುದುಕಿಗೆ ಸಮಾಧಾನ ಆಗ್ತದೆ. ಪಾಪ ಬಂದ್ರೆ ನನ್ನ ಲೆಕ್ಕಕ್ಕೆ ಇರ್ಲಿ" ಎಂದ.

ನಾನು ಬೇಡ ಎನ್ನಲಿಲ್ಲ. ಸತ್ಯ ಹೇಳುವುದಾದರೆ ಆ ಯೋಚನೆ ನನಗೆ ಅವನಿಗಿಂತ ಮೊದಲೇ ಬಂದಿತ್ತು. ಶುಕ್ರವಾರ ಮಧ್ಯಾಹ್ನ ಡಿಸ್ಕವರಿ ಗಾರ್ಡನ್ಸ್‌ನ ನನ್ನ ಫ್ಲ್ಯಾಟಿನಿಂದ ಮಿರ್ದಿಫ್‌ಗೆ ಕಾರು ಓಡಿಸುತ್ತ, ದಾರಿಯುದ್ದಕ್ಕೂ ಜಾನ್, ಜಾನ್ ಎಂದು ಹೇಳಿಕೊಂಡು ಅಭ್ಯಾಸ ಮಾಡಿದೆ. ಫೋಟೊದಲ್ಲಿ ಹೆಸರನ್ನು ಮೀಟರ್ ಮುಚ್ಚಿದೆ, ಆದರೆ ಜಾನ್ ಎಂದು ಓದಿದ ನೆನಪು ನನಗಿದೆ ಎನ್ನುವುದೆಂದು ನಿಶ್ಚಯಿಸಿದ್ದೆ.

ಅವರ ಮನೆಯ ಮೇಲೆ ವಿಮಾನಗಳು ತೀರಾ ತಗ್ಗಿನಲ್ಲಿ ಹಾರುತ್ತಿದ್ದವು. ಮಗ ಕೆಲಸಕ್ಕೆ ಹೋಗಿದ್ದ. ಶೀನಕ್ಕ ತಾವೇ ಮಾಡಿದ ಬೆಣ್ಣೆ ಬಿಸ್ಕತ್ತು ತಟ್ಟೆಗೆ ಹಾಕಿ, ಮೇಜಿನ ಮೇಲೆ ಒಂದು ಹೊಸ ನೋಟ್‌ಬುಕ್ಕು, ಒಂದು ಪೆನ್ನು ಇಟ್ಟುಕೊಂಡು ಕಾಯುತ್ತಿದ್ದರು. ಪೆನ್ನಿನ ಮುಚ್ಚಳ ತೆಗೆದೇ ಇತ್ತು. ಅದನ್ನು ಕಂಡ ಮೇಲೆ ನನ್ನಿಂದ ಸುಳ್ಳು ಹೇಳಲಾಗಲಿಲ್ಲ. ಅವರು ಬರೆದಿಟ್ಟುಕೊಳ್ಳುವ ಹೆಸರು, ನಾನು ದಾರಿಯಲ್ಲಿ ಹುಟ್ಟಿಸಿದ ಯಾವನೋ ಒಬ್ಬನದಾಗುತ್ತಿತ್ತು. ಎಲ್ಲವನ್ನೂ ಹೇಳಿದೆ. ಅಪ್ಪಯ್ಯನ ಮೊಟಕಿನಿಂದ ಹಿಡಿದು ಇನ್ನೂರ ನಲವತ್ತರ ಸ್ಯಾಂಡ್‌ಪೇಪರಿನವರೆಗೆ. ಫೋಟೊ ಅವರ ಮುಂದಿಟ್ಟೆ.

ತಾಯಿಯ ಹೆಸರಿನ ಮೇಲೆ ಬೆರಳಿಟ್ಟರು. ಬೆರಳು ಮೆಲ್ಲಗೆ ಕೆಳಗೆ ಬಂದು ಮೀಟರಿನ ಮೇಲೆ ನಿಂತಿತು.

"ಈ ಅಂಕಿ ಏನು?"

"ಮರದೊಳಗಿನ ನೀರಿನ ಪ್ರಮಾಣ."

"ಓ."

ಒಂದು ವಿಮಾನ ಮನೆಯ ಮೇಲೆ ಹಾದುಹೋಯಿತು. ಆಮೇಲೆ ಕೇಳಿದರು: "ಅದು ನಿಮ್ಮ ಕಣ್ಣೆದುರೇ ಇತ್ತು. ನೀವು ಓದಲಿಲ್ಲವೇ?"

"ನೋಡಿದೆ, ಮೇಡಂ. ಓದಲಿಲ್ಲ."

"ಒಂದಕ್ಷರವೂ?"

ಆ ಏಳು ದಿನ ನಾನು ಕಣ್ಣು ಮುಚ್ಚಿ ಮುಚ್ಚಿ ಹುಡುಕಿದ್ದು ಅದನ್ನೇ. ಒಂದಕ್ಷರವೂ ನೆನಪಿಗೆ ಬಂದಿರಲಿಲ್ಲ. ನೆನಪಿದ್ದದ್ದು ಒಂದೇ, ಬಡಗಿಯ ಕಣ್ಣಿಗೆ ಕಂಡದ್ದು. ಅದನ್ನೇ ಹೇಳಿದೆ: "ಸಾಲು ನೆಟ್ಟಗಿತ್ತು. ಕೆಳಗೆ ಗೆರೆ ಎಳೆಯದೆ ಬರೆದದ್ದು. ಆದರೂ ಒಂದು ಕೂದಲೆಳೆಯಷ್ಟೂ ಓರೆಯಿರಲಿಲ್ಲ."

ಅವರು ನೋಟ್‌ಬುಕ್ ಹತ್ತಿರಕ್ಕೆಳೆದು ಅದನ್ನು ಬರೆದುಕೊಂಡರು. ಒಂದೇ ಸಾಲು. ಬೈಯುತ್ತಾರೆಂದು ಕಾದೆ, ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬಾಗಿಲವರೆಗೆ ಬಂದು ಕಳಿಸಿಕೊಡುವಾಗ, "ಅಂದು ಕದದ ಮೇಲೆ ಕೈಯಾಡಿಸಿದೆನಲ್ಲ, ಅಷ್ಟು ನಯವಾದ ಮರವನ್ನು ನಾನು ಮುಟ್ಟಿಯೇ ಇರಲಿಲ್ಲ" ಎಂದರು. ವ್ಯಂಗ್ಯವಿರಲಿಲ್ಲ. ನನ್ನ ಕೆಲಸವನ್ನು ನಿಜವಾಗಿ ಹೊಗಳಿದರು.

ಲೈಬ್ರರಿ ಅಬುಧಾಬಿಯಲ್ಲಿ ಒಂದು ದಿನವೂ ತಡವಾಗದೆ ಎದ್ದು ನಿಂತಿತು. ಕೆಲಸ ಒಪ್ಪಿಸುವಾಗ ಕೊರತೆಗಳ ಪಟ್ಟಿ ಮಾಡುತ್ತಾರೆ. ಅದಕ್ಕೆ ಸ್ನ್ಯಾಗ್ ಲಿಸ್ಟ್ ಎಂದು ಹೆಸರು. ನನ್ನ ಮೂವತ್ತೊಂದು ವರ್ಷದಲ್ಲಿ ಖಾಲಿ ಬಂದ ಸ್ನ್ಯಾಗ್ ಲಿಸ್ಟ್ ಅದೊಂದೇ. ಕಂಪೆನಿ ನನಗೆ ಗಾಜಿನ ಫಲಕ ಕೊಟ್ಟಿತು. ಡೈರಿ ನೋಡಿ ನಾನು ಬರೆದುಕೊಟ್ಟ ಒಂದು ಪುಟದ ಚರಿತ್ರೆಯನ್ನು ಅರಬ್ಬಿ ಮತ್ತು ಇಂಗ್ಲಿಷಿನಲ್ಲಿ ಫ್ರೇಮ್ ಹಾಕಿಸಿ ಬಾಗಿಲ ಪಕ್ಕ ತೂಗುಹಾಕಿದ್ದಾರೆ. ವಾದ್ಯದವನಿದ್ದಾನೆ, ನಾಯಿಯಿದೆ, ಹಾಲಿನ ಕಲ್ಲಿದೆ. ಶಾಪದ ಭಾಗ ಮನೆಗೆ ಒಳ್ಳೆಯದಲ್ಲವೆಂದು ಆಫೀಸಿನವರು ತೆಗೆಸಿದರು. ಶಾಪ ತನ್ನ ಕೆಲಸವನ್ನು ನನ್ನ ಕೈಯಿಂದಲೇ ಮಾಡಿಸಿ ಆಗಿತ್ತು, ಬರೆದರೇನು, ಬಿಟ್ಟರೇನು.

ಮರುವರ್ಷದ ಬೇಸಗೆಯಲ್ಲಿ ಶೀನಕ್ಕ ತೀರಿಕೊಂಡರು. ಅವರ ಮಗ ಫೋನ್ ಮಾಡಿ ತಿಳಿಸಿದ. ಮರಣದ ಕಾಗದಗಳಲ್ಲಿ ತಂದೆಯ ಹೆಸರಿನ ಜಾಗದಲ್ಲಿ, ಸಾಕಿದವನ ಹೆಸರನ್ನೇ ಬರೆಸಬೇಕಾಯಿತಂತೆ. ಹಮೀದ್‌ಗೆ ಹೇಳಿದೆ. ಅವನು ಆ ದಿನ ಊಟ ಮಾಡಲಿಲ್ಲ.

ಕೆಲಸ ಏನು ಕಲಿಸಿತು ಎಂದು ಕೇಳಿದರೆ ನನ್ನ ಉತ್ತರ ಚಿಕ್ಕದು: ಅಳಿಸುವ ಮೊದಲು ಓದಬೇಕು. ಉಳಿದ ಎರಡು ವರ್ಷ ವರ್ಕ್‌ಶಾಪಿನಲ್ಲಿ ಅದನ್ನೇ ನಿಯಮ ಮಾಡಿದೆ. ಯಾವ ಹಳೆಯ ಮರ ಬಂದರೂ, ಅದರ ಮೇಲಿದ್ದದ್ದನ್ನು ಗಟ್ಟಿಯಾಗಿ ಓದಿ ಬರೆದಿಟ್ಟ ಮೇಲೆಯೇ ಕೈ ಹಚ್ಚಬೇಕು. ಬಂದವುಗಳಲ್ಲಿ ಏನೂ ಬರೆದಿರುತ್ತಿರಲಿಲ್ಲ.

ನಿವೃತ್ತನಾಗಿ ಊರಿಗೆ ಬಂದ ವಾರವೇ ತಮ್ಮನ ಮನೆಗೆ ಹೋದೆ. ಅಪ್ಪಯ್ಯ ಮಾಡಿದ ಹಲಸಿನ ಮರದ ಮಂಚ ಅಲ್ಲಿದೆ. ಅವರು ತೀರಿ ಇಪ್ಪತ್ತಾರು ವರ್ಷ. ಹಾಸಿಗೆ ತೆಗೆಸಿ, ಮಂಚವನ್ನು ಮಗುಚಿ ಹಾಕಿ, ಟಾರ್ಚ್ ಹಿಡಿದು ಅಡಿಭಾಗವನ್ನೆಲ್ಲ ನೋಡಿದೆ. ಒಂದು ಅಂಕಿ, ಒಂದು ಅಳತೆ, ಒಂದು ಗೀಟು ಎಲ್ಲಾದರೂ ಮರೆತು ಬಿಟ್ಟಿರಬಹುದೆಂಬ ಆಸೆ. ತಮ್ಮ ಪಕ್ಕದಲ್ಲಿ ನಿಂತು, "ಎಂತ ಹುಡುಕುದು ಅಣ್ಣಯ್ಯ?" ಎಂದು ಕೇಳುತ್ತಲೇ ಇದ್ದ. ಮರ ಮುಂಬದಿಯಷ್ಟೇ ನಯವಾಗಿತ್ತು. ಅಪ್ಪಯ್ಯನ ಕೈಬರಹ ಹೇಗಿತ್ತೆಂದು ನನಗೆ ನೆನಪಿಲ್ಲ.